‘ಸಮುದ್ರಕ್ಕೆ ಪೋಲಾಗುವ ನೀರು’ ಮತ್ತು ಹೊಳೆಗೇ ಬಿಡುವ ನೀರು: ಸರಿಯಾದ ಪದ ಯಾವುದು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕೆಂಗೇರಿ ಕಡೆಯ ನಾವು ಕೆಲವರು ಸೇರಿ ವೃಷಭಾವತಿ, ಅರ್ಕಾವತಿ ಹೊಳೆಗಳ ಬಗ್ಗೆ ಶಾಲೆಗಳಲ್ಲಿ ಹಂಚಲು ಒಂದು ಕರಪತ್ರ ಬರೆಯುತ್ತಿದ್ದೇವೆ. ಒಂದು ಕಡೆ ಪದ ಸಿಗದೆ ಕೆಲಸ ನಿಂತಿದೆ. ಇಂಗ್ಲಿಷಿನವರು ‘ಎನ್‌ವಿರಾನ್‌ಮೆಂಟಲ್ ಫ್ಲೋ’ ಎನ್ನುತ್ತಾರಲ್ಲ, ಊರಿಗಿಷ್ಟು, ಗದ್ದೆಗಿಷ್ಟು, ಕಾರ್ಖಾನೆಗಿಷ್ಟು ಎಂದು ಹಂಚುವ ಮೊದಲು ಹೊಳೆ ಹೊಳೆಯಾಗಿ ಉಳಿಯಲೆಂದೇ ಅದರಲ್ಲಿ ಬಿಡಬೇಕಾದ ನೀರು, ಅದಕ್ಕೆ ಕನ್ನಡದಲ್ಲಿ ಏನನ್ನೋಣ?

‘ಪರಿಸರ ಹರಿವು’ ಎಂಬ ಅನುವಾದ ಅಲ್ಲಲ್ಲಿ ಕಾಣುತ್ತದೆ. ಮಕ್ಕಳ ಕಿವಿಗೆ ಅದು ಪರಿಸರವೇ ಹರಿದುಹೋಗುತ್ತಿದೆ ಎಂಬಂತೆ ಕೇಳುತ್ತದೆ. ‘ಕನಿಷ್ಠ ಹರಿವು’ ಸುಲಭವಾಗಿದೆ, ಆದರೆ ಅರ್ಥ ಸಾಲದು. ನದಿಗಳಿಗೆ ಬಿಡಬೇಕಾದ ನೀರಿನ ಬಗ್ಗೆ ಹೊರಬಂದ ಅಂತರರಾಷ್ಟ್ರೀಯ ಹೇಳಿಕೆ, 2007ರ ಬ್ರಿಸ್ಬೇನ್ ಘೋಷಣೆ, ಮೂರು ಸಂಗತಿಗಳನ್ನು ಕೂಡಿಸಿಯೇ ಹೇಳಿತು: ಎಷ್ಟು ನೀರು, ಯಾವ ಕಾಲಕ್ಕೆ, ಎಂಥ ನೀರು. ನಮ್ಮ ವೃಷಭಾವತಿಯನ್ನೇ ನೋಡಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಜನ ನಂಬುವ ಹೊಳೆ ಅದು. ನಗರದ ಕೊಳಚೆ ಸೇರಿ ಬೇಸಿಗೆಯಲ್ಲೂ ಹರಿಯುತ್ತದೆ. ಪ್ರಮಾಣ ಒಂದನ್ನೇ ಅಳೆದರೆ ಅದಕ್ಕೆ ಕೊರತೆಯೇ ಇಲ್ಲ. ಮೈಸೂರು ರಸ್ತೆಯ ಆಸುಪಾಸಿನಲ್ಲಿ ಅದರ ಹೆಸರು ಈಗ ‘ಕೆಂಗೇರಿ ಮೋರಿ’.

ಕಾಲದ ವಿಷಯವನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂಗಾರಿನ ಹೊಸನೀರು ಬಂದಾಗ ‘ಹತ್ತುಮೀನು’, ಅಂದರೆ ಹರಿವಿಗೆ ಎದುರಾಗಿ ಹತ್ತುವ ಮೀನು, ಮೊಟ್ಟೆಯಿಡಲು ಹಳ್ಳ ಹಿಡಿದು ಮೇಲೇರುತ್ತದೆ. ಆ ನೀರನ್ನು ಕಟ್ಟೆಯ ಹಿಂದೆ ತಡೆದಿಟ್ಟು ಆಮೇಲೆ ಅಷ್ಟನ್ನೇ ಬಿಟ್ಟರೆ ಮೀನಿಗೆ ಏನುಪಯೋಗ? ಗಂಗೆಯ ಮೇಲ್ಭಾಗಕ್ಕೆಂದು ಕೇಂದ್ರ ಸರ್ಕಾರ 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯೂ ಇದನ್ನು ಒಪ್ಪಿದೆ. ಹರಿದ್ವಾರದವರೆಗೆ ನವೆಂಬರಿನಿಂದ ಮಾರ್ಚ್‌ವರೆಗೆ ಸರಾಸರಿ ಹರಿವಿನ ಶೇ 20ರಷ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೇ 30ರಷ್ಟು, ಉಳಿದ ತಿಂಗಳುಗಳಲ್ಲಿ ಶೇ 25ರಷ್ಟು ನೀರು ಬಿಡಬೇಕು.

ಪದ ಬೇಕೇಬೇಕು ಅನ್ನಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಈ ನೀರಿಗೆ ಒಳ್ಳೆಯ ಹೆಸರಿಲ್ಲದ ಕಡೆ ಕೆಟ್ಟ ಹೆಸರೊಂದು ಬಂದು ಕೂತಿದೆ. ‘ಸಮುದ್ರಕ್ಕೆ ಪೋಲಾಗುವ ನೀರು’, ‘ವ್ಯರ್ಥವಾಗಿ ಕಡಲು ಸೇರುವ ನೀರು’ ಎಂದು ಪತ್ರಿಕೆಗಳೂ ಬರೆಯುತ್ತವೆ, ವೇದಿಕೆಯ ಮೇಲಿನವರೂ ಹೇಳುತ್ತಾರೆ. ಪೋಲು ಎನ್ನುವುದು ದುಂದುಗಾರರ ಮೇಲೆ ಹೊರಿಸುವ ಮಾತು. ಹೊಳೆ ಕಡಲು ಸೇರುವುದು ದುಂದು ಹೇಗಾದೀತು? ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರು ಬೆರೆಯುವ ಕಡೆಯೇ ಬಳಚು ಎಂಬ ಚಿಪ್ಪುಜೀವಿ ಬೆಳೆಯುತ್ತದೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಹೊಳೆಯ ಸಿಹಿನೀರು ಕಮ್ಮಿಯಾದರೆ ಉಪ್ಪು ಒಳನಾಡಿನತ್ತ ಏರಿ ಬಾವಿಗಳನ್ನು ಕೆಡಿಸುತ್ತದೆ. ಬಳಚು ಆಯುವ ಹೆಂಗಸರ ಮುಂದೆ ನಿಂತು ಈ ನೀರು ಪೋಲು ಎನ್ನಲು ನನಗಂತೂ ಬಾಯಿ ಬಾರದು.

ಕಾವೇರಿಯ ಲೆಕ್ಕದಲ್ಲೂ ಇದೇ ಧೋರಣೆ ಕಾಣುತ್ತದೆ. 2007ರ ಫೆಬ್ರವರಿಯಲ್ಲಿ ನ್ಯಾಯಮಂಡಳಿ 740 ಟಿಎಂಸಿ ಅಡಿ ನೀರು ಹಂಚಿದಾಗ ಪರಿಸರಕ್ಕೆ ಸಿಕ್ಕಿದ್ದು 10. ಕಡಲಿಗೆ 4, ಅದೂ ‘ತಡೆಯಲಾಗದೆ ತಪ್ಪಿಹೋಗುವ ನೀರು’ ಎಂಬ ಅರ್ಥದ ಬಾಬತ್ತಿನಲ್ಲಿ. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಕೂಡಿಸಿದ 14.75ರಲ್ಲಿ 4.75 ಬೆಂಗಳೂರಿನ ಪಾಲು. ಆ ನೀರು ಕುಡಿಯುವವರಲ್ಲಿ ನಾನೂ ಒಬ್ಬಳು, ಆದ್ದರಿಂದಲೇ ಈ ಪ್ರಶ್ನೆಯನ್ನು ಹಗುರವಾಗಿ ಕೇಳುತ್ತಿಲ್ಲ.

ದಕ್ಷಿಣ ಆಫ್ರಿಕಾದ 1998ರ ನೀರಿನ ಕಾಯ್ದೆ ಇದಕ್ಕೆ ‘ರಿಸರ್ವ್’ ಎಂದು ಹೆಸರಿಟ್ಟಿದೆ. ಜನರ ಮೂಲ ಅಗತ್ಯಕ್ಕೂ ನದಿಯ ಜೀವಜಾಲಕ್ಕೂ ಬೇಕಾದಷ್ಟನ್ನು ಮೊದಲು ತೆಗೆದಿಟ್ಟು, ಮಿಕ್ಕಿದ್ದನ್ನಷ್ಟೇ ಹಂಚಬೇಕು. ಅದನ್ನು ಓದಿದಾಗ ನನಗೆ ಹೊಳೆದದ್ದು ನಮ್ಮ ‘ಮೀಸಲು’. ಹಬ್ಬದ ಅಡುಗೆಯಲ್ಲಿ ಎಡೆಗೆಂದು ಮೊದಲೇ ತೆಗೆದಿಡುವುದು ಮೀಸಲು. ದೇವರ ಹೆಸರಲ್ಲಿ ಕಟ್ಟಿಟ್ಟ ಕಾಸು ಮೀಸಲು. ಮನೆಯಲ್ಲಿ ಎಷ್ಟೇ ಕಷ್ಟವಿದ್ದರೂ ಅದಕ್ಕೆ ಕೈ ಹಾಕುವುದಿಲ್ಲ. ಮಿಕ್ಕರೆ ಕೊಡೋಣ ಎಂಬ ಧಾಟಿ ಇದರಲ್ಲಿಲ್ಲ, ನನಗೆ ಹಿಡಿಸಿದ್ದೂ ಅದೇ. ‘ಮೀಸಲು ಅರಣ್ಯ’ ಹೇಗೂ ಎಲ್ಲರಿಗೂ ಗೊತ್ತು.

ತೊಡಕೂ ಇದೆ. ಬರಗಾಲದಲ್ಲಿ ‘ಕುಡಿಯುವ ನೀರಿಗೆ ಮೀಸಲು’ ಎಂದು ಜಲಾಶಯದ ನೀರನ್ನು ಕಾಯ್ದಿಡುತ್ತಾರೆ. ಬರೀ ‘ಮೀಸಲು ನೀರು’ ಎಂದರೆ ಓದುವವರು ಅದನ್ನೇ ತಿಳಿದಾರು. ಹಾಗಾಗಿ ‘ಹೊಳೆಮೀಸಲು’ ಎಂದು ಕೂಡಿಸಿದರೆ ಹೇಗೆ? ಗೆಳೆಯರೊಬ್ಬರು ‘ಜೀವನದಿ’ಯ ಜಾಡು ಹಿಡಿದು ‘ಜೀವಹರಿವು’ ಎಂದು ಸೂಚಿಸಿದರು. ಕೇಳಲು ಚೆನ್ನಾಗಿದೆ. ಆದರೆ ಜೀವನದಿ ಎಂದರೆ ವರ್ಷವೆಲ್ಲ ಹರಿಯುವುದು. ಬಯಲುಸೀಮೆಯ ಎಷ್ಟೋ ಹಳ್ಳಗಳು ಬೇಸಿಗೆಯಲ್ಲಿ ತಾವಾಗಿಯೇ ಬತ್ತಿ ಮಳೆಗೆ ಮರಳುತ್ತವೆ, ಅವೂ ಆರೋಗ್ಯವಾಗಿಯೇ ಇರುತ್ತವೆ. ಅವುಗಳ ಮಾತು ಬಂದಾಗ ಈ ಪದ ದಾರಿ ತಪ್ಪಿಸೀತು ಎಂಬ ಅಳುಕು ನನಗಿದೆ.

‘ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೆ’ ಎಂಬ ಗಾದೆಯನ್ನು ಕರಪತ್ರದಲ್ಲಿ ಬಳಸಬೇಕೆಂದು ಕೆಲವರ ಆಸೆ. ನಾನು ಬೇಡ ಎಂದಿದ್ದೇನೆ. ಬೊಗಸೆಯಲ್ಲಿ ಮೊಗೆಯುವವರಿಗೆ ಆ ಮಾತು ಸರಿ, ಪಂಪು ಇಟ್ಟವರಿಗೂ ಮರಳು ಬಗೆಯುವವರಿಗೂ ಅದು ಸಲ್ಲದು.

ಬಳಗದಲ್ಲಿ ಕೇಳುವುದು ಇಷ್ಟು. ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿಗಳ ಮಾತಿನಲ್ಲಿ, ದನಕರುಗಳಿಗೂ ಮೀನಿಗೂ ಇರಲಿ ಎಂದು ತಳದಲ್ಲಿ ಬಿಡುವ ನೀರಿಗೆ ಹೆಸರಿತ್ತೇ? ಕೃಷ್ಣಾ, ಮಲಪ್ರಭಾ ಕಡೆಯವರು, ಕರಾವಳಿಯ ಅಳಿವೆಯ ಕಡೆಯವರು ಏನೆನ್ನುತ್ತಾರೆ? ‘ಮೀಸಲು ಮುರಿಯುವುದು’ ಎಂಬ ಮಾತು ನಿಮ್ಮ ಕಡೆ ಇನ್ನೂ ಬಳಕೆಯಲ್ಲಿದೆಯೇ? ಪದದ ಜೊತೆಗೆ ಅದು ಬರುವ ಪೂರ್ತಿ ವಾಕ್ಯವನ್ನೂ ಯಾವ ಸೀಮೆಯದೆಂಬುದನ್ನೂ ಬರೆದರೆ ಉಪಕಾರವಾಗುತ್ತದೆ. ಅಲ್ಲಿಯವರೆಗೆ ಕರಪತ್ರದ ಕರಡಿನಲ್ಲಿ ‘ಹೊಳೆಮೀಸಲು’ ಎಂದೇ ಇಟ್ಟುಕೊಂಡಿರುತ್ತೇವೆ.