ಸಹಾಯ ಬೇಕು: ಇಂಗ್ಲಿಷಿನ 'ಗೆಟ್', ಪೋರ್ಚುಗೀಸಿನಲ್ಲಿ ಯಾವುದು ಎಲ್ಲಿ?

'ಗೆಟ್' ಕ್ರಿಯಾಪದಕ್ಕೆ ಪೋರ್ಚುಗೀಸಿನಲ್ಲಿ ಒಂದೇ ಪದ ಹಿಡಿದು ಕೂತರೆ ವಾಕ್ಯ ಕೆಡುತ್ತದೆ. ಪತ್ರ ಬಂದರೆ 'ರೆಸೆಬೇರ್', ಊರು ತಲುಪಿದರೆ 'ಶೆಗಾರ್', ಕಷ್ಟಪಟ್ಟು ಗಿಟ್ಟಿಸಿದರೆ 'ಕೋನ್ಸೆಗೀರ್'. ಕೋಪ ಬಂದರೆ, ಕಾಯಿಲೆ ಬಿದ್ದರೆ 'ಫಿಕಾರ್'. ಬಸ್ ಹಿಡಿಯುವಾಗ ಮಾತ್ರ ಹುಷಾರು: ಬ್ರೆಜಿಲ್‌ನಲ್ಲಿ 'ಪೆಗಾರ್', ಪೋರ್ಚುಗಲ್‌ನಲ್ಲಿ 'ಅಪಾನ್ಯಾರ್'. ಈ ಎರಡನೆಯದಕ್ಕೆ ಬ್ರೆಜಿಲ್‌ನಲ್ಲಿ ಏಟು ತಿನ್ನುವುದು ಎಂಬ ಅರ್ಥವೂ ಉಂಟು.

ಇಲ್ಲಿಯವರೆಗೆ ತೊಂದರೆಯಿಲ್ಲ. ತೊಡಕಿರುವುದು ನಮ್ಮ 'ಮಾಡಿಸು', 'ಹಾಕಿಸು' ಅರ್ಥದ 'ಗೆಟ್'ನಲ್ಲಿ. ಕೂದಲು ಕತ್ತರಿಸಿಕೊಂಡದ್ದಕ್ಕೆ 'ಕೊರ್ತೆಯ್ ಉ ಕಬೇಲು' (ಪದಶಃ 'ಕೂದಲು ಕತ್ತರಿಸಿದೆ') ಸಾಕು, ಕತ್ತರಿಸಿದವರು ಬೇರೆ ಎಂದು ತಾನಾಗಿ ತಿಳಿಯುತ್ತದೆ. ಆದರೆ ಅಧಿಕಾರಿಯನ್ನು ಒಪ್ಪಿಸಿ ಸಹಿ ಹಾಕಿಸಿದ್ದಕ್ಕೆ 'ಕೋನ್ಸೆಗೀರ್ ಕೆ' ಸರಿಯೋ, 'ಫಜೇರ್ ಕೋಂ ಕೆ' ('ಹಾಗಾಗುವಂತೆ ಮಾಡು') ಸರಿಯೋ? ಎರಡರ ಮುಂದೂ ಕ್ರಿಯಾಪದದ ಸಂಭಾವನಾರ್ಥಕ ರೂಪವೇ (ಇಂಗ್ಲಿಷಿನ 'ಸಬ್ಜಂಕ್ಟಿವ್') ಬರಬೇಕು. 'ಮಂದಾರ್' ಹಾಕಿದರೆ ಅಪ್ಪಣೆ ಕೊಟ್ಟಂತಾಗುತ್ತದೆ.

ಲಿಸ್ಬನ್, ಸಾವೊ ಪೌಲೊ ಕಡೆ ಇರುವವರು ದಿನಬಳಕೆಯ ಪೂರ್ತಿ ವಾಕ್ಯವನ್ನೇ ಬರೆಯಿರಿ, ಯಾವ ದೇಶದ್ದೆಂದು ನಮೂದಿಸಿ.