ಯಕ್ಷಗಾನ ವೇಷಕ್ಕೆ ಹೊಗೆ ಮತ್ತು ಬಣ್ಣದ ಬೆಳಕು: ಚಿತ್ರ ಹಾಲು ಕಲಸಿದಂತಾಗುವುದು ಯಾಕೆ?

ಪ್ರಶ್ನೆ – ಕುಂದಾಪುರದ ಸದಸ್ಯರು
ನಮಸ್ಕಾರ ಸರ್. ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿಯ) ಪುರುಷವೇಷವನ್ನು ಒಳಾಂಗಣದಲ್ಲಿ ಸಿನಿಮಾ ಫ್ರೇಮಿನ ಹಾಗೆ ತೆಗೆಯಲು ಹೊರಟಿದ್ದೇವೆ. 20x30 ಅಡಿಯ ಹಾಲ್, ಹಿಂದೆ ಕಪ್ಪು ಪರದೆ. 400 ವಾಟಿನ ಸ್ಮೋಕ್ ಮಷೀನು, 60 ವಾಟಿನ ಎರಡು ಆರ್‌ಜಿಬಿ ಎಲ್‌ಇಡಿ. ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ ಕೊಟ್ಟು ಕ್ಯಾಮೆರಾದ ಅಕ್ಕಪಕ್ಕ ಇಟ್ಟಿದ್ದೆವು. ಸ್ಪೀಡ್‌ಲೈಟ್ (ಕ್ಯಾಮೆರಾದ ಬಿಡಿ ಫ್ಲ್ಯಾಶ್) ಇದೆ, ಬಳಸಿಲ್ಲ. ಐಎಸ್‌ಒ 3200, ಎಫ್/2.8, 1/125, ವೈಟ್ ಬ್ಯಾಲೆನ್ಸ್ ಆಟೊ. ಚಿತ್ರದಲ್ಲಿ ಕಪ್ಪು ಅನ್ನುವುದೇ ಇಲ್ಲ, ಇಡೀ ಫ್ರೇಮು ಹಾಲು ಕಲಸಿದ ಹಾಗಿದೆ. ಕಸೆ ಸೀರೆಯ (ವೇಷಕ್ಕೆ ಕಚ್ಚೆ ಹಾಕಿ ಉಡುವ ಸೀರೆಯ) ಚೌಕುಳಿ ಮಾಯವಾಗಿ ಬರೀ ಕೆಂಪು ಮುದ್ದೆ. ಮುಖ ಅರ್ಧ ನೇರಳೆ. ಎಲ್ಲಿ ತಪ್ಪಿದ್ದೇವೆ?

ಉತ್ತರ – ಲೈಟಿಂಗ್ ವೃತ್ತಿಯವರು
ದೀಪ ಇಟ್ಟ ಜಾಗದಲ್ಲೇ ಮುಕ್ಕಾಲು ತಪ್ಪಿದೆ. ಸ್ಮೋಕ್ ಮಷೀನಿನ ಹೊಗೆ ಅಂದರೆ ಗ್ಲೈಕಾಲ್ ಮತ್ತು ನೀರಿನ ಸಣ್ಣ ಹನಿಗಳು. ಈ ಹನಿಗಳು ತಮ್ಮ ಮೇಲೆ ಬಿದ್ದ ಬೆಳಕಿನ ಹೆಚ್ಚಿನ ಪಾಲನ್ನು ಅದು ಸಾಗುತ್ತಿದ್ದ ದಿಕ್ಕಿಗೇ ಚೆದುರಿಸುತ್ತವೆ. ಹಾಗಾಗಿ ದೀಪ ಹಿಂದಿನಿಂದ ಕ್ಯಾಮೆರಾದ ಕಡೆಗೆ ಬಂದರೆ ಹೊಗೆ ಹೊಳೆಯುತ್ತದೆ, ಅದರ ಸುರುಳಿ, ಪದರ ಎಲ್ಲ ಕಾಣುತ್ತದೆ. ಕ್ಯಾಮೆರಾದ ಪಕ್ಕದಿಂದ ಬೆಳಕು ಕೊಟ್ಟರೆ ಲೆನ್ಸಿಗೂ ವೇಷಕ್ಕೂ ನಡುವೆ ಇರುವ ಹೊಗೆಯೆಲ್ಲ ತೆಳು ಬಿಳಿ ಪರದೆಯಾಗುತ್ತದೆ. ಮಂಜಿನಲ್ಲಿ ಕಾರಿನ ಹೈ ಬೀಮ್ ಹಾಕಿದಾಗ ರಸ್ತೆ ಕಾಣದಂತಾಗುವುದೂ ಇದೇ ಕಾರಣಕ್ಕೆ.

ನನ್ನ ಪ್ರಕಾರ ಬಣ್ಣದ ಬೆಳಕು ಹೊಗೆಗೆ, ಬಿಳಿ ಬೆಳಕು ವೇಷಕ್ಕೆ. ಒಂದರ ಬೆಳಕು ಇನ್ನೊಂದರ ಮೇಲೆ ಬೀಳಬಾರದು. ನಿಮ್ಮ ಸಾಮಾನಿನಲ್ಲೇ ಇದನ್ನು ಮಾಡಬಹುದು.

ಕಲಾವಿದರನ್ನು ಪರದೆಯಿಂದ ಕನಿಷ್ಠ 8 ಅಡಿ ಮುಂದೆ ನಿಲ್ಲಿಸಿ. ಹೊಗೆ ತುಂಬಬೇಕಾದದ್ದು ಆ 8 ಅಡಿಯಲ್ಲಿ, ನಿಮ್ಮ ಮುಂದೆ ಅಲ್ಲ. ಎರಡೂ ಎಲ್‌ಇಡಿಗಳನ್ನು ವೇಷದ ಹಿಂದೆ ಎಡಕ್ಕೊಂದು ಬಲಕ್ಕೊಂದು, ಫ್ರೇಮಿನಿಂದ ಹೊರಗೆ, 7 ಅಡಿ ಎತ್ತರದಲ್ಲಿಟ್ಟು ಓರೆಯಾಗಿ ಕ್ಯಾಮೆರಾ ಕಡೆಗೆ ತಿರುಗಿಸಿ. ನೇರ ಲೆನ್ಸಿಗೆ ಹೊಡೆಯದಂತೆ ದೀಪದ ಮುಂದಂಚಿಗೆ ಕಪ್ಪು ಬಟ್ಟೆ ಅಥವಾ ಕಪ್ಪು ಬಳಿದ ಥರ್ಮಾಕೋಲ್ ಅಡ್ಡ ನಿಲ್ಲಿಸಿ. ಸ್ಪೀಡ್‌ಲೈಟನ್ನು 60 ಸೆಂಟಿಮೀಟರಿನ ಸಾಫ್ಟ್‌ಬಾಕ್ಸಿಗೆ ಹಾಕಿ, ಮುಖದಿಂದ 4 ಅಡಿ ದೂರ, ಕ್ಯಾಮೆರಾದಿಂದ 45 ಡಿಗ್ರಿ ಪಕ್ಕಕ್ಕೆ. ಸಾಫ್ಟ್‌ಬಾಕ್ಸಿಗೆ ಜೇನುಗೂಡಿನಂಥ ಗ್ರಿಡ್ ಇರಲೇಬೇಕು. ಗ್ರಿಡ್ ಇಲ್ಲದಿದ್ದರೆ ಫ್ಲ್ಯಾಶಿನ ಬಿಳಿ ಬೆಳಕು ಹಿಂದಿನ ಹೊಗೆಗೂ ತಗುಲಿ ಕೆಂಪು, ನೀಲಿ ಎರಡನ್ನೂ ಸಪ್ಪೆ ಮಾಡುತ್ತದೆ.

ಸೆಟ್ಟಿಂಗ್: ವೈಟ್ ಬ್ಯಾಲೆನ್ಸ್ 5600 ಕೆಲ್ವಿನ್‌ಗೆ ಕಟ್ಟಿಹಾಕಿ. ಆಟೊದಲ್ಲಿ ಬಿಟ್ಟರೆ ಕೆಂಪು ಹೆಚ್ಚಾದಾಗಲೆಲ್ಲ ಕ್ಯಾಮೆರಾ ಅದನ್ನು ಸರಿಪಡಿಸಲು ಹೋಗಿ ಪ್ರತಿ ಚಿತ್ರಕ್ಕೂ ಬೇರೆ ಬಣ್ಣ ಕೊಡುತ್ತದೆ. ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದ ಕಚ್ಚಾ ಫೈಲು) ತೆಗೆಯಿರಿ. ಐಎಸ್‌ಒ 800, ಎಫ್/2.8, 1/100ರಿಂದ ಶುರುಮಾಡಿ. ಮುಂದಾಸಿನಿಂದ ಎದೆಪದಕದವರೆಗೂ ಶಾರ್ಪ್ ಬೇಕಾದರೆ ಎಫ್/4, ಐಎಸ್‌ಒ 1600. ಮೊದಲು ಫ್ಲ್ಯಾಶ್ ಆಫ್ ಮಾಡಿ ಬರೀ ಹೊಗೆಯನ್ನು ತೆಗೆದು ನೋಡಿ. ಹೊಗೆ ಸರಿ ಬಂದ ಮೇಲೆ ಫ್ಲ್ಯಾಶನ್ನು 1/16 ಪವರಿನಿಂದ ಒಂದೊಂದೇ ಹೆಜ್ಜೆ ಏರಿಸಿ.

ಇಲ್ಲೊಂದು ಅನುಕೂಲವಿದೆ. ಶಟರ್ ಬದಲಿಸಿದರೆ ಎಲ್‌ಇಡಿ ಬೀಳುವ ಹೊಗೆ ಮಾತ್ರ ಬದಲಾಗುತ್ತದೆ, ಫ್ಲ್ಯಾಶ್ ಬೀಳುವ ಮುಖ ಬದಲಾಗುವುದಿಲ್ಲ. 1/100ರಿಂದ 1/50ಕ್ಕೆ ಇಳಿಸಿದರೆ ಹೊಗೆ ಒಂದು ಸ್ಟಾಪ್ (ಬೆಳಕು ಎರಡು ಪಟ್ಟು) ಏರುತ್ತದೆ, 1/200ಕ್ಕೆ ಹೋದರೆ ಒಂದು ಸ್ಟಾಪ್ ಇಳಿಯುತ್ತದೆ. ಹಾಲಿನ ಟ್ಯೂಬ್‌ಲೈಟುಗಳನ್ನು ಮಾತ್ರ ಪೂರ್ತಿ ಆರಿಸಿರಬೇಕು.

ಇನ್ನು ಕೆಂಪು ಮುದ್ದೆಯ ವಿಷಯ. ಕೆಂಪು ಬೆಳಕಿನಲ್ಲಿ ಕೆಂಪು ಬಟ್ಟೆ, ಹಳದಿ ಬಟ್ಟೆ, ಬಿಳಿ ಬಟ್ಟೆ ಮೂರೂ ಹೆಚ್ಚುಕಡಿಮೆ ಒಂದೇ ಪ್ರಕಾಶಕ್ಕೆ ಬರುತ್ತವೆ. ಕಸೆ ಸೀರೆಯ ಕೆಂಪು–ಹಳದಿ ಚೌಕುಳಿ ಅಳಿಸಿಹೋದದ್ದು ಹೀಗೆ. ನೀಲಿ ಬೆಳಕಿನಲ್ಲಿ ಅದೇ ಕೆಂಪು ಕಪ್ಪಾಗುತ್ತದೆ. ಇದರ ಮೇಲೆ ಓವರ್ ಎಕ್ಸ್‌ಪೋಸ್ ಕೂಡ ಆಗಿದೆ, ಅದು ನಿಮಗೆ ಗೊತ್ತಾಗಿಲ್ಲ. ಒಂದೇ ಬಿಳಿ ಗ್ರಾಫ್ ತೋರಿಸುವ ಹಿಸ್ಟೋಗ್ರಾಂ (ಚಿತ್ರದ ಬೆಳಕಿನ ಹಂಚಿಕೆಯ ನಕ್ಷೆ) ಪ್ರಕಾಶದ ಲೆಕ್ಕದಲ್ಲಿ ಹಸಿರಿಗೆ ಹೆಚ್ಚು, ಕೆಂಪಿಗೆ ಕಡಿಮೆ, ನೀಲಿಗೆ ಇನ್ನೂ ಕಡಿಮೆ ಪಾಲು ಕೊಡುತ್ತದೆ. ಕೆಂಪು ಚಾನೆಲ್ ಪೂರ್ತಿ ಸುಟ್ಟಿದ್ದರೂ (ಬೆಳಕು ಮಿತಿಮೀರಿ ವಿವರ ಅಳಿಸಿಹೋಗಿದ್ದರೂ) ಆ ಗ್ರಾಫ್ ಬಲಗೋಡೆಗೆ ತಾಗದೆ ದೂರವೇ ಕೂತಿರುತ್ತದೆ. ಕ್ಯಾಮೆರಾದಲ್ಲಿ ಆರ್‌ಜಿಬಿ ಹಿಸ್ಟೋಗ್ರಾಂ ಹಾಕಿಕೊಂಡು ಕೆಂಪಿನ ಗ್ರಾಫ್ ಬಲಗೋಡೆಗೆ ತಾಗದ ಹಾಗೆ ದೀಪವನ್ನೇ 30–40 ಶೇಕಡಕ್ಕೆ ಇಳಿಸಿ. ಬಣ್ಣದ ಹೊಗೆ ಮುಖಕ್ಕಿಂತ ಒಂದರಿಂದ ಒಂದೂವರೆ ಸ್ಟಾಪ್ ಕಡಿಮೆ ಇದ್ದಾಗಲೇ ಬಣ್ಣ ಗಾಢವಾಗಿರುತ್ತದೆ. ಪ್ರಕಾಶ ಹೆಚ್ಚಿದಷ್ಟೂ ಕೆಂಪು ಗುಲಾಬಿಯಾಗಿ, ನೀಲಿ ತಿಳಿಯಾಗಿ, ಕೊನೆಗೆ ಎರಡೂ ಬಿಳಿಯಾಗುತ್ತವೆ.

ಮರುಪ್ರಶ್ನೆ – ಕುಂದಾಪುರದ ಸದಸ್ಯರು
ತುಂಬ ಉಪಕಾರ ಸರ್. ಹೊಗೆ ಎಷ್ಟು ಬಿಡಬೇಕು? ನಾವು ಗುಂಡಿ ಒತ್ತಿ ಹಿಡಿದು ಕೋಣೆ ತುಂಬಿಸಿದ್ದೆವು. ಫೋಕಸ್ ಕೂಡ ಹಿಡಿಯುತ್ತಿರಲಿಲ್ಲ.

ಉತ್ತರ
ತುಂಬಿಸಬೇಡಿ. ಮಷೀನು 4–5 ನಿಮಿಷ ಕಾದು ಹಸಿರು ದೀಪ ಬಂದ ಮೇಲೆ 2–3 ಸೆಕೆಂಡ್ ಮಾತ್ರ ಒತ್ತಿ. ಎಸಿ, ಸೀಲಿಂಗ್ ಫ್ಯಾನ್ ಬಂದ್. ಒಂದು ಟೇಬಲ್ ಫ್ಯಾನನ್ನು ಗೋಡೆಗೆ ಮುಖ ಮಾಡಿ ಕಡಿಮೆ ವೇಗದಲ್ಲಿ ಅರ್ಧ ನಿಮಿಷ ಓಡಿಸಿ ನಿಲ್ಲಿಸಿ. ಮೋಡದಂತಿದ್ದ ಹೊಗೆ ಹರಡಿ ತೆಳುವಾಗಲು ಇನ್ನೂ ಅರ್ಧ ನಿಮಿಷ ಬೇಕು. ಆಮೇಲೆ ಸಿಗುವ ಒಂದೆರಡು ನಿಮಿಷವೇ ನಿಮ್ಮ ಸಮಯ. ಬರಿಗಣ್ಣಿಗೆ ಹಿಂದಿನ ಕಪ್ಪು ಪರದೆಯ ನೆರಿಗೆ ಕಾಣುತ್ತಿದ್ದರೆ ಹದವಾಗಿದೆ. ನೆರಿಗೆ ಕಾಣದಿದ್ದರೆ ಬಾಗಿಲು ತೆರೆದು ಕಾಯಿರಿ. ಒಂದು ವೇಷಕ್ಕೆ ಅರ್ಧ ತಾಸಿನಲ್ಲಿ ಐದಾರು ಸಲ ಒತ್ತಿದರೆ ಸಾಕಾಗುತ್ತದೆ.

ಮಷೀನು ನೆಲದ ಮೇಲೆ, ವೇಷದ ಹಿಂದೆ, ಮೂತಿ ಪರದೆಯ ಕಡೆಗಿರಲಿ. ಮೂತಿಯಿಂದ ಬಿಸಿ ಹನಿ ಚಿಮ್ಮುವುದುಂಟು, ಆದ್ದರಿಂದ ಮೂರು ಅಡಿಯೊಳಗೆ ಬಟ್ಟೆಯೂ ಇರಬಾರದು, ಮನುಷ್ಯರೂ ನಿಲ್ಲಬಾರದು. ಬರೀ ನೀರನ್ನೋ ಮನೆಯಲ್ಲಿ ಬೆರೆಸಿದ ಗ್ಲಿಸರಿನ್ನನ್ನೋ ಹಾಕಬೇಡಿ. ಗ್ಲಿಸರಿನ್ ಅತಿಯಾಗಿ ಕಾದರೆ ಆಕ್ರೋಲಿನ್ ಎಂಬ ಕಣ್ಣು, ಗಂಟಲು ಉರಿಸುವ ಅನಿಲ ಬರುತ್ತದೆ. ಮಷೀನು ತಯಾರಿಸಿದವರು ಹೇಳಿದ ದ್ರವವನ್ನೇ ಹಾಕಿ.

ಆಟೊಫೋಕಸ್ ಕಾಂಟ್ರಾಸ್ಟ್ ಇರುವ ಅಂಚು ಹುಡುಕುತ್ತದೆ, ಹೊಗೆಯಲ್ಲಿ ಅದು ಸಿಗುವುದಿಲ್ಲ. ಹೊಗೆ ಬಿಡುವ ಮೊದಲೇ ಕಣ್ಣಿಗೆ ಫೋಕಸ್ ಮಾಡಿ ಮ್ಯಾನುವಲ್‌ಗೆ ಬದಲಿಸಿ. ಕಲಾವಿದರ ಪಾದದ ಜಾಗಕ್ಕೆ ಟೇಪ್ ಅಂಟಿಸಿ.

ಕಲಾವಿದರ ಬಗ್ಗೆ ಒಂದು ಮಾತು ಹೇಳಲೇಬೇಕು. ಗ್ಲೈಕಾಲ್ ಹೊಗೆ ಗಂಟಲು ಒಣಗಿಸುತ್ತದೆ. ಅರ್ಥಗಾರಿಕೆ ಮಾಡುವವರಿಗೆ ಗಂಟಲೇ ಬದುಕು. ಉಬ್ಬಸ, ಅಲರ್ಜಿ ಇದೆಯೇ ಎಂದು ಮುಂಚೆಯೇ ಕೇಳಿ. ಕಾಲು ಗಂಟೆಗೊಮ್ಮೆ ಬಾಗಿಲು ತೆರೆಯಿರಿ, ನೀರು ಕೊಡಿ. ಗೆಜ್ಜೆ ಕಟ್ಟಿ ಕುಣಿಯುವ ನೆಲದ ಮೇಲೆ ದ್ರವದ ಪಸೆ ಕೂತರೆ ಜಾರುತ್ತದೆ, ಆಗಾಗ ಒರೆಸಿ. ಸಭಾಭವನದಲ್ಲಿ ಸ್ಮೋಕ್ ಅಲಾರಂ ಇದ್ದರೆ ಈ ಹೊಗೆಗೂ ಅದು ಕೂಗುತ್ತದೆ, ಮೇಲ್ವಿಚಾರಕರಿಗೆ ಮೊದಲೇ ತಿಳಿಸಿ.

ಪ್ರಶ್ನೆ – ಧಾರವಾಡದ ಸದಸ್ಯರು
ಸರ್, ದೀಪ ಹಿಂದೆ ಇಟ್ಟರೂ ನಮಗೆ ಕೆಂಪು ಬೇರೆ, ನೀಲಿ ಬೇರೆ ಕಾಣಲಿಲ್ಲ. ನಡುವೆ ಎಲ್ಲಾ ನೇರಳೆ ಆಗೇತಿ.

ಉತ್ತರ
ಎರಡು ಬೆಳಕು ಒಂದೇ ಹೊಗೆಯಲ್ಲಿ ದಾಟಿದಲ್ಲಿ ಬಣ್ಣ ಕೂಡುತ್ತದೆ. ಕೆಂಪು–ನೀಲಿಗೆ ನೇರಳೆ, ಕೆಂಪು–ಹಸಿರಿಗೆ ಹಳದಿ. ಕಿತ್ತಳೆಗೆ ತಿಳಿನೀಲಿ ಸೇರಿದರೆ ಬೂದು ಬಿಳಿ, ಅದು ಇನ್ನೂ ಕೆಟ್ಟದ್ದು. ದೀಪಕ್ಕೆ ಬಾರ್ನ್ ಡೋರ್ (ಬೆಳಕು ತಡೆಯುವ ಮಡಿಚು ರೆಕ್ಕೆ) ಅಥವಾ ಕಪ್ಪು ಕಾರ್ಡ್‌ಶೀಟಿನ ಒಂದು ಅಡಿ ಉದ್ದದ ಕೊಳವೆ ಹಾಕಿ ಬೆಳಕನ್ನು ಕಿರಿದು ಮಾಡಿ. ಒಂದು ದೀಪ ಎತ್ತರದಲ್ಲಿ ತಲೆಯ ಹಿಂದಿನ ಹೊಗೆಗೆ, ಇನ್ನೊಂದು ನೆಲದ ಹತ್ತಿರ ಸೊಂಟದ ಕೆಳಗಿನ ಹೊಗೆಗೆ ಇದ್ದರೆ ಎರಡೂ ದಾಟುವುದಿಲ್ಲ. ಎರಡನ್ನೂ ಸಮ ಪ್ರಕಾಶಕ್ಕೆ ಇಡಬೇಡಿ, ಒಂದು ಬಣ್ಣ ಯಜಮಾನ ಆಗಲಿ. ನಿಜ ಹೇಳಬೇಕೆಂದರೆ ಕೆಂಪು–ನೀಲಿ ಜೋಡಿ ಬಳಸಿ ಬಳಸಿ ಸವೆದಿದೆ. ಮುಖಕ್ಕೆ ಸ್ವಲ್ಪ ಬೆಚ್ಚನೆಯ ಬಿಳಿ, ಹೊಗೆಗೆ ಒಂದೇ ಒಂದು ಮಂದ ನೀಲಿ–ಹಸಿರು, ಅಷ್ಟೇ ಇಟ್ಟು ನೋಡಿ. ಚಿನ್ನದ ಬೇಗಡೆಯ ಆಭರಣ ಎದ್ದು ಬರುತ್ತದೆ.

ಪ್ರಶ್ನೆ – ಮೈಸೂರಿನ ಸದಸ್ಯರು
ಆರ್‌ಜಿಬಿ ದೀಪ ಕೊಳ್ಳುವ ಶಕ್ತಿ ಇಲ್ಲ. ಅಂಗಡಿಯ ಜಿಲೆಟಿನ್ ಪೇಪರ್ ಹ್ಯಾಲೊಜನ್‌ಗೆ ಕಟ್ಟಬಹುದಾ?

ಉತ್ತರ
ಹ್ಯಾಲೊಜನ್‌ಗೆ ಬೇಡವೇ ಬೇಡ. ಉಡುಗೊರೆಗೆ ಸುತ್ತುವ ಆ ಹಾಳೆ ಕರಗುತ್ತದೆ, ಹೊತ್ತಿಕೊಳ್ಳಲೂಬಹುದು. ಸ್ಪೀಡ್‌ಲೈಟಿಗೆ ಕಡಿಮೆ ಪವರಿನಲ್ಲಿ ಪ್ರಯೋಗಕ್ಕೆ ಅಡ್ಡಿಯಿಲ್ಲ, ಆದರೆ ಬಣ್ಣ ಶುದ್ಧ ಬರುವುದಿಲ್ಲ. ಲೀ, ರೋಸ್ಕೊ ಕಂಪನಿಗಳ ಜೆಲ್ (ದೀಪಕ್ಕೆ ಹಾಕುವ ಬಣ್ಣದ) ಹಾಳೆ ಶಾಖ ತಾಳುತ್ತದೆ. ಒಂದು ಹಾಳೆ ಕತ್ತರಿಸಿದರೆ ಹಲವು ಫ್ಲ್ಯಾಶಿಗಾಗುತ್ತದೆ. ಜೆಲ್ ಬಣ್ಣ ಸೇರಿಸುವುದಿಲ್ಲ, ಉಳಿದ ಬಣ್ಣವನ್ನು ತಡೆಯುತ್ತದೆ ಅಷ್ಟೇ, ಹಾಗಾಗಿ ಬೆಳಕು ತಿನ್ನುತ್ತದೆ. ಫುಲ್ ಸಿಟಿಬಿ ಎಂಬ ನೀಲಿ ಹಾಳೆ ಸುಮಾರು ಒಂದೂವರೆ ಸ್ಟಾಪ್ ತಿನ್ನುತ್ತದೆ. ಕಾಂಗೊ ಬ್ಲೂನಂಥ ಕಡು ನೀಲಿಯಲ್ಲಿ ದಾಟಿ ಬರುವ ಬೆಳಕು ತೀರಾ ಅತ್ಯಲ್ಪ, ಸಣ್ಣ ದೀಪಕ್ಕೆ ಅದು ಆಗದು.

ಪ್ರಶ್ನೆ – ಮಂಗಳೂರಿನ ಸದಸ್ಯರು
ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ತೆಗೆಯಬೇಕು. ರಂಗಸ್ಥಳದ ಪ್ರವೇಶದಲ್ಲಿ ದೊಂದಿಗೆ ರಾಳದ ಪುಡಿ ಎರಚುವಾಗ ಬರುವ ಆ ಬೆಂಕಿ ಬೆಳಕು ಸ್ಟುಡಿಯೊದಲ್ಲಿ ಬೇಕು. ರಾಳವನ್ನೇ ಬಳಸಿದರೆ?

ಉತ್ತರ
ಒಳಗೆ ಬೇಡ. ರಾಳದ ಪುಡಿ ಗಾಳಿಯಲ್ಲಿ ಒಮ್ಮೆಲೇ ಹೊತ್ತಿ ಉರಿಯುವ ವಸ್ತು. ಬಯಲಿನಲ್ಲಿ, ಕೈ ಪಳಗಿದವರು ಮಾಡುವ ಕೆಲಸ ಅದು. ಬಟ್ಟೆಯ ಪರದೆ, ತಗ್ಗು ಸೂರು ಇರುವ ಕೋಣೆಯಲ್ಲಿ ಅದಕ್ಕೆ ಜಾಗವಿಲ್ಲ.

ಫ್ಲ್ಯಾಶಿಗೆ ಫುಲ್ ಸಿಟಿಒ ಎಂಬ ಕಿತ್ತಳೆ ಜೆಲ್ ಹಾಳೆ ಹಾಕಿ, ಕ್ಯಾಮೆರಾ 5600 ಕೆಲ್ವಿನ್‌ನಲ್ಲೇ ಇರಲಿ. ಬೆಳಕು ದೊಂದಿಯ ಕಿತ್ತಳೆಗೆ ಬರುತ್ತದೆ. ದೊಂದಿ ಹಿಡಿಯುವ ಎತ್ತರ, ಅಂದರೆ 4–5 ಅಡಿಯಲ್ಲಿ, ವೇಷದ ಪಕ್ಕಕ್ಕೆ ತುಸು ಹಿಂದೆ ಇಡಿ. ಸಾಫ್ಟ್‌ಬಾಕ್ಸ್ ಬೇಡ, ಬೆಂಕಿಯ ಬೆಳಕಿಗೆ ನೆರಳಿನ ಅಂಚು ಗಡಸಾಗಿರಬೇಕು. ಹೊಗೆಯನ್ನು ಈ ಒಂದು ಸಲ ಹರಡಲು ಬಿಡದೆ, ಒತ್ತಿದ ಎರಡು ಮೂರು ಸೆಕೆಂಡಿಗೇ ಕ್ಲಿಕ್ ಮಾಡಿ. ಗುಪ್ಪೆ ಗುಪ್ಪೆಯಾಗಿರುವ ಹೊಗೆಯೇ ಇಲ್ಲಿ ಬೇಕು.

ಸೇರಿಸುವ ಮಾತು – ಮುಖವರ್ಣಿಕೆ ಬಲ್ಲ ಸದಸ್ಯರು
ಚುಟ್ಟಿಯನ್ನು ಮರೆಯಬೇಡಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಇಡುವ ಬಿಳಿ ಚುಟ್ಟಿಗೆ ಉಬ್ಬು ಇದೆ. ಎದುರು ಬೆಳಕಿನಲ್ಲಿ ಅದು ಚಪ್ಪಟೆ ಚುಕ್ಕೆಯಾಗುತ್ತದೆ. ಕೆನ್ನೆಗೆ ಸವರಿಕೊಂಡು ಹೋಗುವ ಪಕ್ಕದ ಬೆಳಕು ಇದ್ದರೆ ಒಂದೊಂದು ಚುಟ್ಟಿಗೂ ನೆರಳು ಬೀಳುತ್ತದೆ. ಬಿಳಿ ಆದದ್ದರಿಂದ ಯಾವ ಬಣ್ಣದ ದೀಪ ಬಿದ್ದರೂ ಆ ಬಣ್ಣಕ್ಕೇ ತಿರುಗುತ್ತದೆ. ಮುಖದ ಕೆಂಪಿನ ಮೇಲೆ ನೀಲಿ ಬಿದ್ದರೆ ಗಂಟೆಗಟ್ಟಲೆ ಕೂತು ಬರೆದದ್ದು ಮಸಿ ಬಳಿದಂತೆ ಕಾಣುತ್ತದೆ. ದಯವಿಟ್ಟು ಮುಖದ ಎದುರು ಭಾಗಕ್ಕೆ ನೀಲಿ ಹಾಕಬೇಡಿ.

ಉತ್ತರ
ಒಪ್ಪುವ ಮಾತು. ಹಾಗಾಗಿ ಕಿತ್ತಳೆ ಫ್ಲ್ಯಾಶಿನ ಎದುರು ಬದಿಗೆ ಬಿಳಿ ಥರ್ಮಾಕೋಲ್ ಹಿಡಿದು ತುಸು ಬೆಳಕು ಹಿಂತಿರುಗಿಸಿ. ಚುಟ್ಟಿ ಸುಡದಂತೆ ಒಟ್ಟು ಎಕ್ಸ್‌ಪೋಸರ್ ಅರ್ಧ ಸ್ಟಾಪ್ ಇಳಿಸಿ.

ಪ್ರಶ್ನೆ – ಶಿರಸಿಯ ಸದಸ್ಯರು
ಡ್ರೈ ಐಸ್, ಸಾಂಬ್ರಾಣಿ, ಬಣ್ಣದ ಹೊಗೆ ಬಾಂಬು, ಇವು ಆಗಬಹುದೇ?

ಉತ್ತರ
ಡ್ರೈ ಐಸ್ ಎಂದರೆ ಮೈನಸ್ 78 ಡಿಗ್ರಿಯ ಗಟ್ಟಿ ಇಂಗಾಲದ ಡೈಆಕ್ಸೈಡ್. ಬಿಸಿನೀರಿಗೆ ಹಾಕಿದರೆ ನೆಲಕ್ಕಂಟಿ ಹರಿಯುವ ಮಂಜು ಬರುತ್ತದೆ, ಕುಣಿತದ ಹೆಜ್ಜೆಗೆ ಅದು ಚೆಂದ. ಆದರೆ ಆ ಅನಿಲ ಗಾಳಿಗಿಂತ ಭಾರ. ಮುಚ್ಚಿದ ಕೋಣೆಯಲ್ಲಿ ನೆಲದ ಹತ್ತಿರ ಶೇಖರವಾಗಿ ಉಸಿರು ಕಟ್ಟಿಸುತ್ತದೆ. ಬಾಗಿಲು ತೆರೆದಿರಲಿ, ದಪ್ಪ ಕೈಗವಸು ಇರಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಡಿ, ಸಿಡಿಯುತ್ತದೆ. ಸಾಂಬ್ರಾಣಿ ಹೊಗೆ ಸಣ್ಣ ಮೂರ್ತಿ, ಕಿರೀಟದ ಹತ್ತಿರದ ಚಿತ್ರಕ್ಕೆ ಸಾಕು. ಅದರ ಕಣ ತೀರ ಸಣ್ಣದಾದ್ದರಿಂದ ಬಿಳಿ ಬೆಳಕಿನಲ್ಲೂ ತುಸು ನೀಲಿ ಕಾಣುತ್ತದೆ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುವುದರಿಂದ ಅದಕ್ಕೂ ಕಿಟಕಿ ತೆರೆದಿರಬೇಕು. ಬಣ್ಣದ ಹೊಗೆ ಬಾಂಬು ಒಳಗೆ ಖಂಡಿತ ಬೇಡ. ಅದರ ಬಣ್ಣ ಪುಡಿಯಾಗಿ ಬಟ್ಟೆಗೂ ಶ್ವಾಸಕೋಶಕ್ಕೂ ಇಳಿಯುತ್ತದೆ. ಒಣಹುಲ್ಲಿನ ಬ್ಯಾಣ (ಹುಲ್ಲುಗಾವಲು), ಕಾಡಿನಂಚಿನಲ್ಲೂ ಬೇಡ, ಡಬ್ಬಿ ಕಿಡಿ ಉಗುಳುತ್ತದೆ.

ಮರುಪ್ರಶ್ನೆ – ಕುಂದಾಪುರದ ಸದಸ್ಯರು
ನೀವು ಹೇಳಿದ ಹಾಗೆ ಮಾಡಿದೆವು ಸರ್, ಕಪ್ಪು ಕಪ್ಪಾಯಿತು, ಚೌಕುಳಿ ಎಣಿಸಬಹುದು. ಎಡಿಟಿಂಗ್‌ನಲ್ಲಿ ಡಿಹೇಝ್ (ಮಂಜು ಕಳೆಯುವ ಸ್ಲೈಡರ್) ಎಳೆದರೆ ಮುಖ ಚೆನ್ನಾಗುತ್ತದೆ, ಹೊಗೆ ಕೊಳೆಯಂತಾಗುತ್ತದೆ. ಮೊಬೈಲಿನಲ್ಲಿ ನೀಲಿ ಹೊಗೆ ಪಟ್ಟೆ ಪಟ್ಟೆಯಾಗಿದೆ.

ಉತ್ತರ
ಡಿಹೇಝನ್ನು ಇಡೀ ಚಿತ್ರಕ್ಕೆ ಕೊಡಬೇಡಿ. ವೇಷಕ್ಕೆ ಮಾತ್ರ ಮಾಸ್ಕ್ ಹಾಕಿ 10–15 ಕೊಟ್ಟರೆ ಸಾಕು. ಪಟ್ಟೆ ಬರಲು ಕಾರಣ 8 ಬಿಟ್ ಜೆಪೆಗ್. ನೀಲಿಯಿಂದ ಕಪ್ಪಿಗೆ ಇಳಿಯುವ ನುಣುಪು ಏರಿಳಿತಕ್ಕೆ ಅದರಲ್ಲಿ ಮೆಟ್ಟಿಲು ಸಾಲುವುದಿಲ್ಲ. 16 ಬಿಟ್‌ನಲ್ಲಿ ಎಡಿಟ್ ಮಾಡಿ, ನೀಲಿಯ ಸ್ಯಾಚುರೇಶನ್ 10 ಇಳಿಸಿ, ಕೊನೆಗೆ ಸಣ್ಣಗೆ ಗ್ರೇನ್ ಸೇರಿಸಿ, ಎಸ್‌ಆರ್‌ಜಿಬಿಗೆ ಬದಲಿಸಿ ಎಕ್ಸ್‌ಪೋರ್ಟ್ ಮಾಡಿ. ಗ್ರೇನ್ ಆ ಮೆಟ್ಟಿಲುಗಳ ಅಂಚನ್ನು ಒಡೆಯುತ್ತದೆ. ಲೆನ್ಸಿನ ಮುಂದಿನ ಫಿಲ್ಟರ್ ಇವತ್ತೇ ಒರೆಸಿ, ಗ್ಲೈಕಾಲಿನ ಪೊರೆ ಕೂತಿರುತ್ತದೆ. ಆಭರಣದ ಬೇಗಡೆಯನ್ನೂ ಒಣ ಮೆತ್ತನೆ ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ.