ಸಣ್ಣ ಕಾಲೇಜಿನ ಬೇಸ್‌ಬಾಲ್: ಕಾನ್ಫರೆನ್ಸ್‌ನ ಮೊದಲ ವಾರವೇ ಸೋತರೆ ಅಷ್ಟೊಂದು ಕಷ್ಟವಾ?

ಹಾಸನದಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮ ಮಗ ನ್ಯೂ ಇಂಗ್ಲೆಂಡ್ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ ಮೊದಲನೇ ವರ್ಷ ಓದುತ್ತಿದ್ದಾನೆ. ಡಿವಿಷನ್ 3 (ಕಾಲೇಜು ಆಟದ ಮೂರನೇ ಮಟ್ಟ) ತಂಡದಲ್ಲಿ ಪಿಚರ್, ಅಂದರೆ ಬಾಲ್ ಎಸೆಯುವವನು. ನಾನೂ ನಮ್ಮನೆಯವರೂ ಕ್ರಿಕೆಟ್ ನೋಡಿ ಬೆಳೆದವರು. ಬೇಸ್‌ಬಾಲ್ ಕಲಿತದ್ದೇ ಮಗನಿಂದ, ಅವನ ಹೈಸ್ಕೂಲ್ ಆಟಗಳನ್ನು ನೋಡಿ ನೋಡಿ. ಆದರೆ ಈ ಕಾಲೇಜಿನ ಲೆಕ್ಕಾಚಾರ ತಲೆಗೆ ಹತ್ತುತ್ತಿಲ್ಲ.

ಮಾರ್ಚ್ ರಜೆಯಲ್ಲಿ ತಂಡ ಫ್ಲೋರಿಡಾಗೆ ಹೋಗಿತ್ತು. ಅಲ್ಲಿ ಚೆನ್ನಾಗಿ ಆಡಿದರು, ಗೆದ್ದದ್ದೇ ಜಾಸ್ತಿ. ವಾಪಸ್ ಬಂದರೆ ಇಲ್ಲಿ ಮೈದಾನದಲ್ಲಿ ಇನ್ನೂ ಹಿಮ. ಅಭ್ಯಾಸವೆಲ್ಲ ಜಿಮ್ ಒಳಗೇ. ಅಷ್ಟರಲ್ಲಿ ಕಾನ್ಫರೆನ್ಸ್ ಆಟ, ಅಂದರೆ ನಮ್ಮ ಲೀಗಿನ ಕಾಲೇಜುಗಳ ನಡುವಿನ ಆಟ, ಶುರುವಾಗೇ ಬಿಟ್ಟಿತು. ಮೊದಲ ವಾರಾಂತ್ಯದ ಮೂರು ಆಟದಲ್ಲಿ ಎರಡು ಸೋತರು. ಗ್ಯಾಲರಿಯಲ್ಲಿ ಕೂತಿದ್ದ ಸೀನಿಯರ್ ಹುಡುಗರ ಅಪ್ಪ ಅಮ್ಮಂದಿರ ಮುಖ ನೋಡಬೇಕಿತ್ತು, ವರ್ಷವೇ ಮುಗಿದುಹೋದ ಹಾಗಿತ್ತು. ಇನ್ನೂ ಏಪ್ರಿಲ್ ಈಗ ಶುರುವಾಗಿದೆ ಅಲ್ವಾ? ಇಷ್ಟು ಬೇಗ ಅಷ್ಟು ಚಿಂತೆ ಯಾಕೆ?

ಇನ್ನೊಂದು ವಿಷಯ, ನಿಜ ಹೇಳಬೇಕೆಂದರೆ ನನ್ನ ಸಂಕಟ ಇರುವುದು ಇದರಲ್ಲೇ. ಫ್ಲೋರಿಡಾದಲ್ಲಿ ಮಗನಿಗೆ ಎಸೆಯಲು ಅವಕಾಶ ಕೊಟ್ಟರು. ಕಾನ್ಫರೆನ್ಸ್ ಆಟದಲ್ಲಿ ಒಂದು ಬಾಲೂ ಕೊಡಲಿಲ್ಲ. ಮಂಗಳವಾರ ಬೇರೆ ಯಾವುದೋ ಕಾಲೇಜಿನ ಮೇಲೆ ಹಾಕಿದರು. ಫೋನ್ ಮಾಡಿದಾಗ ದನಿ ಸಪ್ಪಗಿತ್ತು. ಕೋಚ್‌ಗೆ ಅವನ ಮೇಲೆ ನಂಬಿಕೆ ಇಲ್ಲ ಅಂತ ತಿಳಿದುಕೊಳ್ಳಬೇಕಾ?

ಸ್ಕೋರ್‌ಬುಕ್:

ಮೇಡಂ, ಗಾಬರಿ ಬೇಡ. ಆದರೆ ಆ ಅಪ್ಪ ಅಮ್ಮಂದಿರು ಮುಖ ಸಣ್ಣ ಮಾಡಿಕೊಂಡದ್ದು ಸುಮ್ನೆ ಅಲ್ಲ. ನಮ್ಮ ಮನೆಯ ಹುಡುಗನೂ ಇದೇ ಮಟ್ಟದಲ್ಲಿ ಆಡಿ ಮುಗಿಸಿದವನು, ಹಾಗಾಗಿ ಈ ಲೆಕ್ಕ ನನಗೆ ಬಾಯಿಪಾಠ.

ಡಿವಿಷನ್ 1 ತಂಡ ಸೀಸನ್‌ನಲ್ಲಿ 56 ಆಟ ಆಡಬಹುದು. ಡಿವಿಷನ್ 2ಕ್ಕೆ 50. ನಮ್ಮ ಮಕ್ಕಳ ಡಿವಿಷನ್ 3ಕ್ಕೆ 40 ಮಾತ್ರ. ಅದರಲ್ಲಿ ಫ್ಲೋರಿಡಾದ್ದು ಕಳೆಯಿರಿ, ವಾರದ ಮಧ್ಯದ ಆಟಗಳನ್ನು ಕಳೆಯಿರಿ. ಕಾನ್ಫರೆನ್ಸ್‌ಗೆ ಉಳಿಯುವುದು ಬಹಳ ಕಮ್ಮಿ. ನಿಮ್ಮ ಕಡೆಯ ನೆಸ್ಕ್ಯಾಕ್ ಕಾನ್ಫರೆನ್ಸನ್ನೇ ತೆಗೆದುಕೊಳ್ಳಿ. ಆಮ್‌ಹರ್ಸ್ಟ್, ವಿಲಿಯಮ್ಸ್, ಟಫ್ಟ್ಸ್, ಮಿಡಲ್‌ಬರಿ ಇವೆಲ್ಲ ಇರುವುದು ಅದರಲ್ಲೇ. ಅಲ್ಲಿ ಬಹಳ ವರ್ಷ ಐದೈದು ತಂಡಗಳ ಎರಡು ಗುಂಪು ಮಾಡಿ, ಗುಂಪಿನ ಪ್ರತಿ ತಂಡದ ಜೊತೆ ಮೂರು ಆಟ ಆಡಿಸುತ್ತಿದ್ದರು. ಒಟ್ಟು 12 ಆಟ, ಅಷ್ಟೇ. ಶುಕ್ರವಾರ ಒಂದು, ಶನಿವಾರ ಡಬಲ್ ಹೆಡರ್ (ಒಂದೇ ದಿನ ಎರಡು ಆಟ). ಅಂದರೆ ಒಂದು ವಾರಾಂತ್ಯ ಕೈಕೊಟ್ಟರೆ ನಾಲ್ಕರಲ್ಲಿ ಒಂದು ಪಾಲು ಹೋದ ಹಾಗೆ. ರಣಜಿಯಲ್ಲಿ ಮೊದಲ ಪಂದ್ಯದಲ್ಲಿ ಬಿಟ್ಟ ಪಾಯಿಂಟ್ ಕೊನೆಗೆ ಕ್ವಾರ್ಟರ್ ಫೈನಲ್ ತಪ್ಪಿಸುವುದನ್ನು ನೀವೂ ನೋಡಿರುತ್ತೀರಿ. ಇಲ್ಲೂ ಹಾಗೇ.

ಇಷ್ಟಕ್ಕೂ ಕಾನ್ಫರೆನ್ಸ್ ಯಾಕೆ ಮುಖ್ಯ ಅಂದರೆ, ರಾಷ್ಟ್ರಮಟ್ಟದ ಟೂರ್ನಮೆಂಟಿಗೆ ಹೋಗಲು ಖಾತ್ರಿ ದಾರಿ ಒಂದೇ: ಕಾನ್ಫರೆನ್ಸ್ ಗೆಲ್ಲಬೇಕು. ಹೆಚ್ಚಿನ ಸ್ಥಾನ ಕಾನ್ಫರೆನ್ಸ್ ಚಾಂಪಿಯನ್‌ಗಳಿಗೇ ಹೋಗುತ್ತವೆ. ಉಳಿದ ಕೆಲವನ್ನು ಈಗ ಎನ್‌ಪಿಐ ಅನ್ನುವ ಅಂಕದ ಮೇಲೆ ಹಂಚುತ್ತಾರೆ. ಎಷ್ಟು ಗೆದ್ದಿರಿ, ಯಾರ ಮೇಲೆ ಆಡಿದಿರಿ, ಎರಡೂ ಅದರಲ್ಲಿ ಸೇರುತ್ತದೆ. ಮಾರ್ಚ್‌ನಲ್ಲಿ ಸೋತದ್ದಕ್ಕೂ ಮೇ ತಿಂಗಳಲ್ಲಿ ಸೋತದ್ದಕ್ಕೂ ಅಲ್ಲಿ ವ್ಯತ್ಯಾಸ ಇಲ್ಲ. ಹಾಗಾಗಿ ಫ್ಲೋರಿಡಾದಲ್ಲಿ ಬೇರೆ ಡಿವಿಷನ್ 3 ತಂಡಗಳನ್ನು ಸೋಲಿಸಿದ್ದರೆ ಅದೂ ವ್ಯರ್ಥ ಅಲ್ಲ, ಆದರೆ ಕಾನ್ಫರೆನ್ಸ್ ಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲ.

ಸಣ್ಣ ಕಾಲೇಜು ಅಂತ ಯಾರಾದರೂ ಹಗುರವಾಗಿ ಮಾತಾಡಿದರೆ ಇದನ್ನು ಹೇಳಿ. ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವಿನ ಮೊಟ್ಟಮೊದಲ ಬೇಸ್‌ಬಾಲ್ ಆಟ ನಡೆದದ್ದು 1859ರ ಜುಲೈ 1ರಂದು, ಮ್ಯಾಸಚುಸೆಟ್ಸ್‌ನ ಪಿಟ್ಸ್‌ಫೀಲ್ಡ್‌ನಲ್ಲಿ. ಆಡಿದ್ದು ಆಮ್‌ಹರ್ಸ್ಟ್ ಮತ್ತು ವಿಲಿಯಮ್ಸ್. ಆಮ್‌ಹರ್ಸ್ಟ್ 73–32 ರಿಂದ ಗೆದ್ದಿತು. ಆಗಿನ ನಿಯಮವೇ ಬೇರೆ, ಒಂದೊಂದು ತಂಡಕ್ಕೆ 13 ಜನ. ಮಾರನೇ ದಿನ ಚೆಸ್ ಕೂಡ ಆಡಿದರು, ಅದನ್ನೂ ಆಮ್‌ಹರ್ಸ್ಟೇ ಗೆದ್ದಿತು. ಆ ಎರಡೂ ಕಾಲೇಜು ಇವತ್ತಿಗೂ ಒಂದೇ ಕಾನ್ಫರೆನ್ಸ್‌ನಲ್ಲಿವೆ.

ಮಂಜಿನೂರು:

ನಾನು ಮಿನ್ನೆಸೋಟಾದವನು. ಮೇಲೆ ಹೇಳಿದ ಲೆಕ್ಕ ಸರಿಯೇ. ಆದರೆ ಮೊದಲ ವಾರಾಂತ್ಯ ನೋಡಿ ತಂಡ ಎಷ್ಟು ಒಳ್ಳೆಯದು ಅಂತ ತೀರ್ಮಾನಿಸಬೇಡಿ. ಪಟ್ಟಿಯಲ್ಲಿ ಆ ಸೋಲು ಉಳಿಯುತ್ತದೆ, ನಿಜ. ತಂಡದ ಶಕ್ತಿ ಅದರಿಂದ ಗೊತ್ತಾಗುವುದಿಲ್ಲ. ಇವೆರಡನ್ನೂ ಕಲಸಬಾರದು.

ಯಾಕೆಂದರೆ ಆ ವಾರದ ಆಟವೇ ಬೇರೆ ಥರ. ಫ್ಲೋರಿಡಾದಲ್ಲಿ ಹುಡುಗರು ಅರ್ಧ ತೋಳಿನ ಅಂಗಿಯಲ್ಲಿ ಆಡಿರುತ್ತಾರೆ. ಇಲ್ಲಿ ಬಂದರೆ ಚಳಿಗೆ ಬೆರಳಿಗೆ ಬಾಲಿನ ಹೊಲಿಗೆಯೇ ತಿಳಿಯುವುದಿಲ್ಲ. ಬೆರಳಿನ ಹಿಡಿತ ಹೋದರೆ ಪಿಚರ್‌ನ ಕರ್ವ್ ಬಾಲ್ ತಿರುಗುವುದಿಲ್ಲ, ಸುಮ್ಮನೆ ತೇಲಿಕೊಂಡು ಹೋಗುತ್ತದೆ. ಬಹಳ ಚಳಿ ಇದ್ದ ದಿನ ಪಿಚರ್ ಕೈಗೆ ಬಾಯಿಂದ ಗಾಳಿ ಊದಿಕೊಳ್ಳಲು ಅಂಪೈರ್ ಒಪ್ಪಿಗೆ ಕೊಡಬಹುದು, ಅದಕ್ಕೂ ಒಂದು ನಿಯಮ ಇದೆ ನೋಡಿ. ಬ್ಯಾಟ್ಸ್‌ಮನ್ ಕಥೆಯೂ ಕಷ್ಟವೇ. ಬ್ಯಾಟು ಲೋಹದ್ದು. ಚಳಿಯಲ್ಲಿ ಹಿಡಿಕೆಯ ಹತ್ತಿರ ಬಾಲ್ ತಗುಲಿದರೆ ಮೊಣಕೈವರೆಗೂ ಜುಮ್ಮೆನ್ನುತ್ತದೆ. ತಣ್ಣನೆ ಗಾಳಿ ದಟ್ಟ, ತಣ್ಣಗಾದ ಬಾಲು ಅಷ್ಟು ಪುಟಿಯುವುದೂ ಇಲ್ಲ. ಹಾಗಾಗಿ ಮೇ ತಿಂಗಳಲ್ಲಿ ಬೇಲಿ ದಾಟುವ ಹೊಡೆತ ಏಪ್ರಿಲ್‌ನಲ್ಲಿ ಔಟ್‌ಫೀಲ್ಡರ್ ಕೈಗೆ ಹೋಗುತ್ತದೆ.

ಮೊನ್ನೆ ನಮ್ಮ ಊರಿನ ಕಾಲೇಜಿನ ಆಟ ನೋಡಿದೆ. ಏಳನೇ ಇನಿಂಗ್ಸ್, ಒಂದು ರನ್ ಮುನ್ನಡೆ. ಪಿಚರ್ ಇಬ್ಬರಿಗೆ ವಾಕ್ ಕೊಟ್ಟ (ನಾಲ್ಕು ಬಾಲು ಗುರಿ ತಪ್ಪಿದರೆ ಬ್ಯಾಟರ್‌ಗೆ ಫಸ್ಟ್ ಬೇಸ್ ಪುಕ್ಕಟೆ). ಮೂರನೆಯವನು ಬಂಟ್ ಮಾಡಿದ, ಅಂದರೆ ಬ್ಯಾಟು ಬೀಸದೆ ಬಾಲನ್ನು ಮೆಲ್ಲಗೆ ತಟ್ಟಿದ. ಬಾಲು ಒದ್ದೆ ಹುಲ್ಲಿನಲ್ಲಿ ಅಲ್ಲೇ ನಿಂತುಬಿಟ್ಟಿತು. ಥರ್ಡ್ ಬೇಸಿನ ಹುಡುಗ ಓಡಿ ಬಂದು ಬರಿಗೈಯಲ್ಲಿ ಎತ್ತಿ ಫಸ್ಟ್ ಬೇಸಿಗೆ ಎಸೆದ, ಕೈ ಜಾರಿತು, ಬಾಲು ರೈಟ್ ಫೀಲ್ಡ್ ಮೂಲೆ ಸೇರಿತು. ಎರಡು ರನ್. ಒಂದೂ ಹಿಟ್ ಇಲ್ಲದೆ ಆಟ ಕೈಬಿಟ್ಟು ಹೋಯಿತು. ಆರಂಭದ ವಾರಗಳಲ್ಲಿ ಸೋಲು ಗೆಲುವು ತೀರ್ಮಾನ ಆಗುವುದೇ ಹೀಗೆ, ವಾಕ್ ಮತ್ತು ಎರರ್‌ಗಳಲ್ಲಿ (ಫೀಲ್ಡಿಂಗ್ ತಪ್ಪುಗಳಲ್ಲಿ). ನಿಮ್ಮವರು ಸೋತ ಆಟಗಳ ಬಾಕ್ಸ್ ಸ್ಕೋರ್ (ಆಟದ ಅಂಕಿಅಂಶದ ಪಟ್ಟಿ) ತೆಗೆದು ಆ ಎರಡು ಅಂಕಣ ನೋಡಿ. ಕಾರಣ ಅಲ್ಲೇ ಇದ್ದರೆ, ಬಿಸಿಲು ಬಂದ ಮೇಲೆ ಅರ್ಧ ಸರಿಹೋಗುತ್ತದೆ.

ಮೈದಾನದ ಪಾಡು ಕೇಳಬೇಡಿ. ಸಣ್ಣ ಕಾಲೇಜಿನಲ್ಲಿ ಟಾರ್ಪಾಲ್ ಎಳೆಯುವುದು, ನೀರು ಬಳಿಯುವುದು, ಮಣ್ಣು ಸಮ ಮಾಡುವುದು, ಎಲ್ಲ ಹುಡುಗರೇ. ಎಷ್ಟೋ ಮೈದಾನಗಳಿಗೆ ದೀಪ ಇಲ್ಲ, ಡಬಲ್ ಹೆಡರ್‌ನ ಎರಡನೇ ಆಟ ಎಳೆದರೆ ಕತ್ತಲಾಗಿ ನಿಲ್ಲಿಸಬೇಕಾಗುತ್ತದೆ. ಒಂದು ಕಡೆ ಮೈದಾನ ಒಣಗದಿದ್ದರೆ ಎದುರಾಳಿಯ ಮೈದಾನಕ್ಕೇ ಹೋಗಿ ಆಡುವುದುಂಟು. ನಮ್ಮ ಎಂಐಎಸಿ ಕಾನ್ಫರೆನ್ಸ್‌ನಲ್ಲಿ ಒಂದೊಂದು ತಂಡದ ಜೊತೆಯೂ ಒಂದು ಡಬಲ್ ಹೆಡರ್. ಮಳೆ, ಹಿಮ ಬಂದು ಮುಂದೆ ಹೋದವೆಲ್ಲ ಕೊನೆಗೆ ಒಟ್ಟಿಗೆ ತಲೆ ಮೇಲೆ ಬೀಳುತ್ತವೆ. ಆಗ ಐದಾರು ಒಳ್ಳೆ ಪಿಚರ್ ಇರುವ ತಂಡ ಉಳಿಯುತ್ತದೆ, ಇಬ್ಬರನ್ನೇ ನಂಬಿದ ತಂಡ ಮುಗ್ಗರಿಸುತ್ತದೆ. ನಿಮ್ಮ ಮಗನ ವಿಷಯಕ್ಕೂ ಇದು ಸಂಬಂಧಪಟ್ಟದ್ದು.

ಹಿಂದೆ ಮಿನಿಯಾಪೊಲಿಸ್‌ನಲ್ಲಿ ಮೆಟ್ರೋಡೋಮ್ ಇದ್ದಾಗ, ಚಳಿಯ ದಿನಗಳಲ್ಲಿ ಚಾವಣಿ ಕೆಳಗೆ ಒಂದು ಜಾಗ ಸಿಕ್ಕರೆ ಸಾಕು ಅಂತ ಸಣ್ಣ ಕಾಲೇಜುಗಳು ನಡುರಾತ್ರಿಯ ಹೊತ್ತನ್ನೂ ಬಿಡದೆ ಆಡುತ್ತಿದ್ದವು. ಈಗ ಅದೇ ಜಾಗದಲ್ಲಿರುವ ಯು.ಎಸ್. ಬ್ಯಾಂಕ್ ಸ್ಟೇಡಿಯಂನಲ್ಲೂ ಆಡಿದ್ದಾರೆ. ಅಷ್ಟು ಕಷ್ಟಪಟ್ಟೂ ಇಲ್ಲಿನ ಸೇಂಟ್ ಥಾಮಸ್ 2001 ಮತ್ತು 2009ರಲ್ಲಿ ಡಿವಿಷನ್ 3 ಚಾಂಪಿಯನ್ ಆಯಿತು. ನಿಮ್ಮ ಕಡೆಯ ಈಸ್ಟರ್ನ್ ಕನೆಕ್ಟಿಕಟ್ 2022ರಲ್ಲಿ ಗೆದ್ದಿತು. ಚಳಿ ನಾಡಿನ ತಂಡಕ್ಕೆ ಆಗಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಎಡಗೈ:

ಅಕ್ಕ, ನಾನು ಇಲ್ಲೇ ಹುಟ್ಟಿ ಬೆಳೆದವನು, ಪೆನ್ಸಿಲ್ವೇನಿಯಾದ ಒಂದು ಸಣ್ಣ ಕಾಲೇಜಿಗೆ ನಾಲ್ಕು ವರ್ಷ ಪಿಚ್ ಮಾಡಿದ್ದೇನೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಇಲ್ಲ, ಕೋಚ್‌ಗೆ ನಂಬಿಕೆ ಇಲ್ಲ ಅಂತ ಅರ್ಥ ಅಲ್ಲ. ಮೊದಲನೇ ವರ್ಷದ ಹುಡುಗನನ್ನು ಮಂಗಳವಾರ ಹಾಕಿದರು ಅಂದರೆ ಅದು ಒಳ್ಳೆಯ ಸೂಚನೆ. ನಂಬಿಕೆಯೇ ಇಲ್ಲದವನು ಮಂಗಳವಾರವೂ ಬುಲ್‌ಪೆನ್‌ನಲ್ಲೇ (ಬದಲಿ ಪಿಚರ್‌ಗಳು ಕಾಯುವ ಜಾಗ) ಕೂತಿರುತ್ತಾನೆ.

ಕೋಚ್ ತಲೆಯಲ್ಲಿ ಓಡುವುದು ಇಷ್ಟು. ಶುಕ್ರವಾರಕ್ಕೆ ಅವನ ಅತ್ಯುತ್ತಮ ಪಿಚರ್. ಶನಿವಾರದ ಮೊದಲ ಆಟಕ್ಕೆ ಎರಡನೆಯವನು. ಈ ಎರಡರಲ್ಲಿ ಯೋಚಿಸಲು ಏನೂ ಇಲ್ಲ, ಎದುರಾಳಿಯೂ ಅದನ್ನೇ ಮಾಡುತ್ತಾನೆ. ಕಾನ್ಫರೆನ್ಸ್ ಕೈಗೆ ಬರುವುದು ಅಥವಾ ತಪ್ಪುವುದು ಮೂರನೇ ಆಟದಲ್ಲಿ. ಅಷ್ಟು ಹೊತ್ತಿಗೆ ಬುಲ್‌ಪೆನ್ ಖಾಲಿ, ಕೈಗಳು ಸೋತಿರುತ್ತವೆ. ಆಗ ಆರನೇ ಇನಿಂಗ್ಸ್‌ನಲ್ಲಿ ಯಾರನ್ನು ಕಳಿಸುವುದು? ಆ ಹೆಸರು ಆರಂಭದಲ್ಲಿ ಯಾವ ಕೋಚ್‌ಗೂ ಗೊತ್ತಿರುವುದಿಲ್ಲ. ಅದನ್ನು ಹುಡುಕುವುದೇ ಮಂಗಳವಾರ.

ಹಾಗಾಗಿ ಮಂಗಳವಾರ ಅವನು ಎಷ್ಟು ಜನರನ್ನು ಸ್ಟ್ರೈಕ್ ಔಟ್ ಮಾಡಿದ ಅಂತ ನೋಡಬೇಡಿ. ಪ್ರತಿ ಬ್ಯಾಟರ್‌ಗೆ ಮೊದಲ ಬಾಲು ಸ್ಟ್ರೈಕ್, ಅಂದರೆ ಗುರಿಯೊಳಗೆ, ಬಿತ್ತಾ ನೋಡಿ. ವಾಕ್ ಕೊಟ್ಟನಾ ನೋಡಿ. ಅವನ ಹಿಂದೆ ಫೀಲ್ಡರ್ ಎರರ್ ಮಾಡಿದಾಗ ಮುಂದಿನ ಬಾಲು ಎಲ್ಲಿ ಬಿತ್ತು ನೋಡಿ. ಕೋಚ್ ನೋಡುವುದೂ ಅದನ್ನೇ. ಹೊಡೆಸಿಕೊಳ್ಳುವ ಫ್ರೆಶ್‌ಮನ್ (ಮೊದಲನೇ ವರ್ಷದವನು) ಪರವಾಗಿಲ್ಲ. ವಾಕ್ ಕೊಡುವ ಫ್ರೆಶ್‌ಮನ್‌ನನ್ನು ಒಂದು ರನ್ ಮುನ್ನಡೆ ಇಟ್ಟುಕೊಂಡು ಯಾರೂ ಕಳಿಸುವುದಿಲ್ಲ.

ಅವನು ಸಪ್ಪಗಿರುವುದು ಸಹಜ. ಹೈಸ್ಕೂಲಿನಲ್ಲಿ ದೊಡ್ಡ ಆಟಕ್ಕೆಲ್ಲ ಅವನೇ ಮುಂದೆ ಇದ್ದಿರುತ್ತಾನೆ. ಇಲ್ಲಿ ಪ್ರತಿಯೊಬ್ಬನೂ ಅವನ ಊರಿನ ದೊಡ್ಡ ಪಿಚರೇ. ಡಿವಿಷನ್ 3ರಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ. ಬಸ್ಸಿನಲ್ಲಿ ಕೆಮಿಸ್ಟ್ರಿ ಓದಿಕೊಂಡು ಹೋಗಿ ಚಳಿಯಲ್ಲಿ ನಿಲ್ಲುವ ಹುಡುಗರು ಇವರು, ಆಟದ ಮೇಲಿನ ಪ್ರೀತಿ ಒಂದೇ ಕಾರಣ. ಅದಕ್ಕೇ ಬೆಂಚ್ ಮೇಲೆ ಕೂರುವುದು ಅಷ್ಟು ನೋಯುತ್ತದೆ.

ಹಾಸನದಮ್ಮ:

ಮೂವರಿಗೂ ತುಂಬಾ ಥ್ಯಾಂಕ್ಸ್. ಬಾಕ್ಸ್ ಸ್ಕೋರ್ ತೆಗೆದು ನೋಡಿದೆ. ಮಂಜಿನೂರು ಸರ್ ಹೇಳಿದ ಹಾಗೇ ಇದೆ, ಸೋತ ಎರಡೂ ಆಟದಲ್ಲಿ ವಾಕ್ ಜಾಸ್ತಿ, ಅದರಲ್ಲೂ ಕೊನೆಯ ಆಟದಲ್ಲಿ.

ಇನ್ನೆರಡು ಸಣ್ಣ ಪ್ರಶ್ನೆ. ಮುಂದಿನ ಪಾತ್ರ ಏನು ಅಂತ ಮಗ ಹೋಗಿ ಕೋಚನ್ನು ಕೇಳಬಹುದಾ, ಅಥವಾ ನಾವು ಮಾತಾಡುವುದು ಒಳ್ಳೆಯದಾ? ಮತ್ತೆ ನಮಗೆ ಡ್ರೈವ್ ದೂರ, ಕೆಲಸ ಬಿಟ್ಟು ವಾರಕ್ಕೆ ಒಂದು ಸಲ ಹೋಗಬಹುದು ಅಷ್ಟೇ. ಶನಿವಾರ ಹೋಗಬೇಕಾ, ಮಂಗಳವಾರ ಹೋಗಬೇಕಾ? ಹಾಸನದಲ್ಲಿ ನಮ್ಮ ಮಾವನವರಿಗೂ ಮೊಮ್ಮಗನ ಆಟ ನೋಡುವ ಆಸೆ ಬಹಳ.

ಎಡಗೈ:

ನೀವು ಮಾತಾಡಬೇಡಿ ಅಕ್ಕ, ದಯವಿಟ್ಟು. ಕಾಲೇಜಿನಲ್ಲಿ ಅಪ್ಪ ಅಮ್ಮ ಫೋನ್ ಮಾಡಿದರೆ ಹುಡುಗನಿಗೇ ಕಷ್ಟ. ಅವನೇ ಹೋಗಲಿ. ಆದರೆ "ನನಗೆ ಯಾವಾಗ ಚಾನ್ಸ್" ಅಂತ ಕೇಳುವುದು ಬೇಡ. "ಶನಿವಾರ ನನ್ನನ್ನು ಕಳಿಸಬೇಕು ಅಂದರೆ ನಾನು ಯಾವುದು ಸರಿ ಮಾಡಿಕೊಳ್ಳಬೇಕು" ಅಂತ ಕೇಳಲಿ. ಅಭ್ಯಾಸ ಮುಗಿದ ಮೇಲೆ, ಆಟದ ದಿನ ಅಲ್ಲ. ಬಹಳ ಕೋಚ್‌ಗಳು ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುತ್ತಾರೆ.

ಸ್ಕೋರ್‌ಬುಕ್:

ಹೋಗುವುದಾದರೆ ಮಂಗಳವಾರ ಹೋಗಿ ಮೇಡಂ. ಅವನು ಎಸೆಯುವ ಸಾಧ್ಯತೆ ಇರುವ ದಿನ ಅದು, ಅವತ್ತು ಗ್ಯಾಲರಿಯಲ್ಲಿ ಜನವೂ ಕಮ್ಮಿ. ಹೊರಡುವ ಮೊದಲು ತಂಡದ ವೆಬ್‌ಸೈಟ್ ನೋಡಿಕೊಳ್ಳಿ, ಸಮಯ, ಮೈದಾನ ಎರಡೂ ಬೆಳಿಗ್ಗೆ ಬದಲಾಗಿರುತ್ತವೆ. ಕೂರಲು ದಪ್ಪ ಕಂಬಳಿ ಬೇಕು, ಅಲ್ಯುಮಿನಿಯಂ ಬೆಂಚ್ ಮೇಲೆ ಬರೀ ಜೀನ್ಸ್‌ನಲ್ಲಿ ಎರಡು ಗಂಟೆ ಕೂರಲು ಆಗುವುದಿಲ್ಲ. ಫ್ಲಾಸ್ಕಿನಲ್ಲಿ ಕಾಫಿ ಜಾಸ್ತಿನೇ ತನ್ನಿ, ಪಕ್ಕದವರಿಗೂ ಕೊಡಬಹುದು.

ಶನಿವಾರದ್ದು ಮನೆಯಿಂದಲೇ ನೋಡಿ. ಹೆಚ್ಚಿನ ಕಾಲೇಜುಗಳು ತಮ್ಮ ಮೈದಾನದ ಆಟವನ್ನು ಸ್ಟ್ರೀಮ್ ಮಾಡುತ್ತವೆ. ನಿಮ್ಮ ಮಾವನವರಿಗೂ ಅದೇ ಲಿಂಕ್ ಕಳಿಸಿ. ಇಲ್ಲಿ ಮಧ್ಯಾಹ್ನ 12ಕ್ಕೆ ಶುರುವಾದರೆ ಅಲ್ಲಿ ರಾತ್ರಿ 9:30, ಊಟ ಮುಗಿಸಿ ಮೊದಲ ಆಟ ಆರಾಮಾಗಿ ನೋಡಬಹುದು. ಎರಡನೆಯದಕ್ಕೆ ನಿದ್ದೆಗೆಡಬೇಕು. ಆದರೆ ನಿಮ್ಮ ಹುಡುಗನಿಗೆ ಕರೆ ಬರುವುದಾದರೆ ಬರುವುದು ಅದರಲ್ಲೇ, ಅದನ್ನು ಅವರಿಗೆ ಮೊದಲೇ ಹೇಳಿಡಿ.